ಒಂದೇ ಡಾಕ್ಯುಮೆಂಟ್, 42 ಮಕ್ಕಳು, ಬರೆದವರು ಐದೇ ಜನ. ನಾನು ಎಲ್ಲಿ ತಪ್ಪಿದೆ?

ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಬಿಎ ಎರಡನೇ ವರ್ಷದಲ್ಲಿ 42 ಮಕ್ಕಳಿದ್ದಾರೆ. ಸದಾಶಿವಗಡ, ಮಾಜಾಳಿ, ಅಮದಳ್ಳಿ, ಕದ್ರಾ ಕಡೆಯಿಂದ ಬಸ್ಸಿಗೆ ಬರುತ್ತಾರೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು ಅನ್ನುವಂಥವರೇ ಜಾಸ್ತಿ. ತರಗತಿಯಲ್ಲಿ ಬಾಯಿ ಬಿಡುವವರು ನಾಲ್ಕೈದು ಜನ. ಉಳಿದವರೂ ಏನಾದರೂ ಹೇಳಲಿ ಅಂತಲೇ ಕಳೆದ ಸೆಮಿಸ್ಟರಿನಲ್ಲಿ ಗೂಗಲ್ ಡಾಕ್ಸ್ (ಎಲ್ಲರೂ ಆನ್‌ಲೈನ್‌ನಲ್ಲಿ ಒಂದೇ ಪುಟದಲ್ಲಿ ಬರೆಯುವ ಟೂಲ್) ಶುರು ಮಾಡಿದೆ.

ಕೊಟ್ಟ ವಿಷಯ ಅಂಕೋಲೆಯ ಉಪ್ಪಿನ ಸತ್ಯಾಗ್ರಹ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 13ಕ್ಕೆ, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಮುಂದೆ ನಿಂತು ಉಪ್ಪಿನ ಕಾಯ್ದೆ ಮುರಿದರು. ನಮ್ಮ ಮಕ್ಕಳು ದಿನವೂ ನೋಡುವ ಇದೇ ಸಮುದ್ರದ ನೀರಿನ ಕಥೆ. ಖಂಡಿತ ಬರೆಯುತ್ತಾರೆ ಅಂದುಕೊಂಡೆ. ಒಂದು ಡಾಕ್ಯುಮೆಂಟ್ ಮಾಡಿ, ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ.

ಹದಿನೈದು ದಿನದಲ್ಲಿ ಬರೆದವರು ಐದು ಜನ. ಅದರಲ್ಲಿ ಇಬ್ಬರದು ಜಾಲದಿಂದ ಎತ್ತಿ ತಂದ ಅದೇ ಪ್ಯಾರಾ. ಒಬ್ಬ ಹುಡುಗಿ ಮಾತ್ರ ತಾನಾಗಿ ಎರಡು ಪುಟ ಬರೆದಿದ್ದಳು. ಯಾರೋ ಅದನ್ನು ಅಳಿಸಿ ತಮ್ಮದನ್ನು ಅಂಟಿಸಿದರು. ಯಾರು ಅಂತ ಗೊತ್ತಾಗಲಿಲ್ಲ. ಮರುದಿನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಏನೂ ಹೇಳದೆ ಹೋದಳು. ನನಗೆ ಜಾಸ್ತಿ ಬೇಜಾರಾಗಿದ್ದು ಅದೇ.

ಈಗ ಹೊಸ ಸೆಮಿಸ್ಟರ್. ಬೇರೆ ಟೂಲ್ ನೋಡೋಣ ಅನಿಸಿದೆ. ಎಲ್ಲರೂ ಒಟ್ಟಿಗೆ ಬರೆಯುವ ಬಿಳಿ ಹಲಗೆಯಂಥ ಜಾಮ್‌ಬೋರ್ಡ್ ಚೆನ್ನಾಗಿತ್ತು, ಆದರೆ ಗೂಗಲ್ ಅದನ್ನು 2024ರ ಕೊನೆಗೆ ಮುಚ್ಚಿತು. ಗೋಡೆಗೆ ಚೀಟಿ ಅಂಟಿಸಿದಂತೆ ಬರೆಯುವ ಪ್ಯಾಡ್ಲೆಟ್? ಆನ್‌ಲೈನ್ ಪಾಠ ನಡೆಸುವ ಮೂಡಲ್? ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದರೆ ದಯವಿಟ್ಟು ಹೇಳಿ.

ಶರಾವತಿದಡ, ಹೊನ್ನಾವರ (ಈಗ ಬೆಂಗಳೂರು)

ಮೇಡಂ, ಮೊದಲು ಆ ಹುಡುಗಿಯ ಎರಡು ಪುಟ ವಾಪಸ್ ತನ್ನಿ. ಅದು ಹೋಗಿಲ್ಲ, ಅಲ್ಲೇ ಇದೆ. ಕಂಪ್ಯೂಟರಿನಲ್ಲಿ ಡಾಕ್ಯುಮೆಂಟ್ ತೆರೆದು ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ನೋಡಿ. ಯಾವ ದಿನ, ಯಾವ ಹೊತ್ತಿಗೆ ಏನು ಬದಲಾಯಿತು ಅಂತ ಸಾಲಾಗಿ ಬರುತ್ತದೆ. ಅವಳು ಬರೆದ ದಿನದ ಪ್ರತಿಯನ್ನು ತೆರೆದು, ಅದನ್ನೇ ಮತ್ತೆ ತರಬಹುದು. ಇಲ್ಲವೇ ಆ ಭಾಗವನ್ನಷ್ಟೇ ನಕಲು ಮಾಡಿ ಬೇರೆ ಕಡೆ ಇಡಬಹುದು. ಇವತ್ತೇ ಮಾಡಿ, ಅವಳಿಗೆ ತೋರಿಸಿ.

ಯಾರು ಅಳಿಸಿದರು ಅಂತ ಗೊತ್ತಾಗದೆ ಇರಲು ಕಾರಣ ಬಹುಶಃ ಇದು: ಲಿಂಕ್ ಸಿಕ್ಕ ಯಾರು ಬೇಕಾದರೂ ತಿದ್ದಬಹುದು ಅಂತ ಬಿಟ್ಟಿದ್ದೀರಿ. ಹಾಗೆ ಬಿಟ್ಟರೆ ಲಾಗಿನ್ ಆಗದೆ ಬರುವವರು ಹೆಸರಿಲ್ಲದೆ ಬರುತ್ತಾರೆ. ಯಾವುದೋ ಪ್ರಾಣಿಯ ಚಿತ್ರ ಮಾತ್ರ ಕಾಣುತ್ತದೆ. ಪ್ರತಿಯೊಬ್ಬರ ಇಮೇಲ್ ಹಾಕಿಯೇ ಹಂಚಿಕೊಳ್ಳಿ. ಇನ್ನೊಬ್ಬರ ಭಾಗ ತಿದ್ದುವುದಿದ್ದರೆ ಸಜೆಸ್ಟಿಂಗ್ ಮೋಡ್‌ನಲ್ಲಿ ತಿದ್ದಲಿ. ಆಗ ಮೂಲ ಬರಹ ಹಾಗೇ ಇರುತ್ತದೆ. ತಿದ್ದುಪಡಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಒಪ್ಪುವುದು ಬಿಡುವುದು ಬರೆದವರಿಗೆ ಸೇರಿದ್ದು.

ಇನ್ನೊಂದು ಮಾತು. ಒಂದು ಡಾಕ್ಯುಮೆಂಟನ್ನು 100 ಜನ ಒಟ್ಟಿಗೆ ತಿದ್ದಲು ಗೂಗಲ್ ಬಿಡುತ್ತದೆ ನಿಜ. ಬಿಡುತ್ತದೆ ಅಂತ 42 ಜನರನ್ನು ಒಂದೇ ಪುಟಕ್ಕೆ ತಳ್ಳಬಾರದು. ನಮ್ಮ ಆಫೀಸಿನಲ್ಲಿ ಆರು ಜನ ಒಂದೇ ಪುಟದಲ್ಲಿ ಕೂತರೂ ಗಲಾಟೆ ಆಗುತ್ತದೆ.

ಬೆಟ್ಟದಹಾದಿ, ಶಿರಸಿ

ಮೇಡಂ, ನಾನು ಹತ್ತೊಂಬತ್ತು ವರ್ಷದಿಂದ ಸಮಾಜಶಾಸ್ತ್ರ ಕಲಿಸುತ್ತಿದ್ದೇನೆ. ನಿಮಗೆ ಆದದ್ದೇ ನನಗೂ ಎರಡು ಸಲ ಆಗಿದೆ. ನನ್ನ ಅನುಭವ ಹೇಳುತ್ತೇನೆ: ಬದಲಾಯಿಸಬೇಕಾದದ್ದು ಟೂಲ್ ಅಲ್ಲ, ಕೊಟ್ಟ ಕೆಲಸ.

"ಎಲ್ಲರೂ ಸೇರಿ ಉಪ್ಪಿನ ಸತ್ಯಾಗ್ರಹದ ಬಗ್ಗೆ ಬರೆಯಿರಿ" ಅಂದರೆ ಅದು ಯಾರ ಕೆಲಸವೂ ಅಲ್ಲ. ನಾನು ಬರೆಯದಿದ್ದರೂ ನಡೆಯುತ್ತದೆ ಅಂತ ಮಕ್ಕಳಿಗೆ ಗೊತ್ತು. ಅದು ಸೋಮಾರಿತನ ಅಲ್ಲ, ಸರಿಯಾದ ಲೆಕ್ಕಾಚಾರ. ತಾನು ಬರೆಯದಿದ್ದರೆ ಪಕ್ಕದವನಿಗೆ ಮುಂದೆ ಹೋಗಲು ಆಗುವುದಿಲ್ಲ ಅನ್ನುವಂತೆ ಕೆಲಸವನ್ನು ಹಂಚಬೇಕು.

ಇದಕ್ಕೊಂದು ಹಳೆಯ ದಾರಿ ಇದೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಜಿಗ್‌ಸಾ ತರಗತಿ ಅಂತ ಮಾಡಿದರು. ಅಲ್ಲಿ ಆಗಷ್ಟೇ ಕಪ್ಪು, ಬಿಳಿ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ್ದರು. ತರಗತಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆರನ್ಸನ್ ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ಯಾರ ಹತ್ತಿರವೂ ಇಲ್ಲ. ಬೇಕಿದ್ದರೆ ಪಕ್ಕದವರನ್ನು ಕೇಳಲೇಬೇಕು.

ನಾನು ಇದನ್ನು ಅಪ್ಪಿಕೋ ಪಾಠಕ್ಕೆ ಮಾಡಿದೆ. 1983ರ ಸೆಪ್ಟೆಂಬರ್ 8ಕ್ಕೆ ನಮ್ಮ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಅದು. ಐದೈದು ಜನರ ಗುಂಪು. ಒಬ್ಬಳಿಗೆ ಕಡಿತ ಯಾಕೆ ಶುರುವಾಯಿತು ಅನ್ನುವ ಭಾಗ. ಒಬ್ಬನಿಗೆ ಹಿಮಾಲಯದ ಕಡೆಯ ಮರ ಅಪ್ಪುವ ಚಳವಳಿ ಚಿಪ್ಕೋದ ನಂಟು. ಒಬ್ಬನಿಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಮತ್ತು ಅಡಿಕೆ ತೋಟ: ಕಾಡು ಹೋದರೆ ತೋಟಕ್ಕೆ ಏನಾಗುತ್ತದೆ? ಒಬ್ಬಳಿಗೆ ಆಗ ಹೆಂಗಸರು ಏನು ಮಾಡಿದರು. ಕೊನೆಯವನು ಅರವತ್ತು ದಾಟಿದ ಒಬ್ಬರ ಹತ್ತಿರ ಕೂತು ಮಾತಾಡಿಸಿ ಬರಬೇಕು. ಆಗ ಇಪ್ಪತ್ತರ ಹುಡುಗರಾಗಿದ್ದವರು ಈಗ ನಮ್ಮ ಸುತ್ತಮುತ್ತಲೇ ಇದ್ದಾರೆ.

ಎಲ್ಲ ಗುಂಪಿನ "ಅಡಿಕೆ ತೋಟ"ದವರು ಮೊದಲು ಒಂದು ಬೇರೆ ಡಾಕ್ಯುಮೆಂಟಿನಲ್ಲಿ ಸೇರಿ ತಮ್ಮ ಭಾಗವನ್ನು ಗಟ್ಟಿ ಮಾಡಿಕೊಂಡರು. ಆಮೇಲೆ ತಮ್ಮ ಗುಂಪಿಗೆ ಮರಳಿ ಉಳಿದವರಿಗೆ ಹೇಳಿದರು. ಕೊನೆಗೆ ಪ್ರತಿ ಗುಂಪು ಒಂದು ಪ್ರಶ್ನೆಗೆ ಉತ್ತರ ಬರೆಯಬೇಕಿತ್ತು: "ನಿಮ್ಮ ಊರಿನ ಬೆಟ್ಟದಲ್ಲಿ ನಾಳೆ ಮರ ಕಡಿಯಲು ಬಂದರೆ ಯಾರು ಯಾರು ಮಾತಾಡಬೇಕು?" ಐದೂ ತುಂಡು ಕೂಡದೆ ಅದಕ್ಕೆ ಉತ್ತರ ಬರುವುದಿಲ್ಲ.

ಬರೆಯದೆ ಉಳಿದವರು ಆ ವರ್ಷವೂ ಇದ್ದರು. ಆದರೆ ನಾನು ಬೆನ್ನು ಹತ್ತಬೇಕಾಗಲಿಲ್ಲ. ಗುಂಪಿನವರೇ ಫೋನ್ ಮಾಡಿ "ನಿನ್ನ ಭಾಗ ಎಲ್ಲಿ ಮಾರಾಯಾ, ನಮ್ಮದು ನಿಂತಿದೆ" ಅಂತ ಕೇಳುತ್ತಿದ್ದರು.

ಮಾಸ್ತರು, ಅಂಕೋಲಾ

ನಾನು ನಿವೃತ್ತ. ಇಂಗ್ಲಿಷ್ ಕಲಿಸುತ್ತಿದ್ದೆ. ತಂಗಿ, ನೀನು ಅಂಕೋಲೆಯ ಉಪ್ಪನ್ನು ಪಾಠಕ್ಕೆ ತಂದೆಯಲ್ಲ, ಸಂತೋಷವಾಯಿತು.

ಶಿರಸಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಫ್ರಾನ್ಸಿನ ರಿಂಗೆಲ್‌ಮನ್ ಎಂಬವರು ಜನರಿಂದ ಹಗ್ಗ ಎಳೆಸಿ ಬಲ ಅಳೆದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಜನ ಹೆಚ್ಚಾದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತ ಹೋಯಿತು. ಮುಂದೆ 1979ರಲ್ಲಿ ಲತಾನೆ ಮತ್ತು ಜೊತೆಯವರು ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗಲೂ ಅದೇ. ಆದರೆ ಅವರ ಮುಂದಿನ ಪ್ರಯೋಗದಲ್ಲಿ ಒಂದು ಒಳ್ಳೆಯ ಸಂಗತಿ ಸಿಕ್ಕಿತು. ಯಾರ ದನಿ ಎಷ್ಟು ಅಂತ ಬೇರೆಯಾಗಿ ತಿಳಿಯುತ್ತದೆ ಅಂದಾಗ ಜನ ಒಂಟಿಯಾಗಿದ್ದಾಗಿನಷ್ಟೇ ಜೋರಾಗಿ ಕೂಗಿದರು.

ನಮ್ಮ ರಂಪಣಿ ಬಲೆ ನೋಡಿ. ಚಿಕ್ಕಂದಿನಲ್ಲಿ ದಂಡೆಯಲ್ಲಿ ನಿಂತು ನಾನೂ ಹಗ್ಗ ಹಿಡಿದವನು. ಎಷ್ಟೊಂದು ಜನ ಸೇರಿ ಎಳೆಯುವ ಬಲೆ ಅದು. ಆದರೂ ಯಾರೂ ಸುಮ್ನೆ ಕೈ ಇಟ್ಟು ನಿಲ್ಲುವುದಿಲ್ಲ. ಪಕ್ಕದವನಿಗೆ ಗೊತ್ತಾಗುತ್ತದೆ. ಎಳೆದವರಿಗೆ ಪಾಲು ಇದೆ. ಮೀನು ಕಣ್ಣೆದುರಿಗೆ ಬಂದು ಬೀಳುತ್ತದೆ. ನಿನ್ನ ಡಾಕ್ಯುಮೆಂಟಿನಲ್ಲಿ ಈ ಮೂರರಲ್ಲಿ ಯಾವುದಿತ್ತು, ನೋಡು. ಬರೆದ ಮೇಲೆ ಅದು ಎಲ್ಲಿಗೆ ಹೋಯಿತು? ಯಾರು ಓದಿದರು?

ಕಾಳಿತೀರ, ಕಾರವಾರ

ಮಾಸ್ತರ್ರೇ, ಯಾರೂ ಓದಲಿಲ್ಲ. ನಾನು ಅಂಕ ಹಾಕಿ ಮುಚ್ಚಿದೆ. ನೀವು ಕೇಳುವವರೆಗೆ ಅದು ನನ್ನ ಮನಸ್ಸಿಗೇ ಬಂದಿರಲಿಲ್ಲ.

ಶರಾವತಿದಡ ಅವರೇ, ಎರಡು ಪುಟ ಸಿಕ್ಕಿತು. ಅವಳಿಗೆ ಮುದ್ರಿಸಿ ಕೊಟ್ಟೆ. ಬಹಳ ಉಪಕಾರವಾಯಿತು.

ಜೋಯಿಡಾದವ

ನಾನು ಬೇರೆ ಕಾಲೇಜಿನ ವಿದ್ಯಾರ್ಥಿ. ನಮ್ಮಲ್ಲಿ ಬರೆಯದೆ ಸುಮ್ಮನಿದ್ದವರ ಪೈಕಿ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ ಮೇಡಂ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಒಂದು ಜಾಗ ಇದೆ, ಅಲ್ಲಿ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಶಾಲೆಯ ಪಾಠ ಕೇಳಿದ್ದೂ ಅಲ್ಲೇ ಕೂತು. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ಟೈಪ್ ಮಾಡಲು ಆಗುವುದಿಲ್ಲ. ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಫೋನು ಸತ್ತಿರುತ್ತದೆ. "ರಾತ್ರಿ 8ಕ್ಕೆ ಎಲ್ಲರೂ ಆನ್‌ಲೈನ್ ಬನ್ನಿ" ಅಂದ ದಿನ ನಾನು ಬರಲಿಲ್ಲ. ಮರುದಿನ ಬಂದು ನೋಡಿದರೆ ಎಲ್ಲ ಬರೆದು ಆಗಿತ್ತು. ನಾನು ಹಾಕಲು ಏನೂ ಉಳಿದಿರಲಿಲ್ಲ.

ಇನ್ನೊಂದು ಇದೆ. ಕನ್ನಡ ಟೈಪಿಂಗ್ ನಮಗೆ ಯಾರೂ ಕಲಿಸಲಿಲ್ಲ. ಮೊಬೈಲಿನಲ್ಲಿ ಒತ್ತಕ್ಷರ ಬೀಳುವುದಿಲ್ಲ. ತಪ್ಪು ತಪ್ಪಾಗಿ ಬರೆದದ್ದನ್ನು ಇಡೀ ತರಗತಿ ನೋಡುತ್ತದೆ ಅಂತ ಹೆದರಿಕೆ. ಪೇಪರಿನಲ್ಲಿ ಬರೆದರೆ ನೋಡುವವರು ಮೇಷ್ಟ್ರು ಒಬ್ಬರೇ.

ಕಿಟಕಿಪಕ್ಕ, ಕುಮಟಾ

ತಮ್ಮಾ, ಇದನ್ನು ಇಷ್ಟು ಬಿಚ್ಚಿ ಬರೆದೆಯಲ್ಲ, ಒಳ್ಳೆಯದಾಯಿತು. ನಾನು ಕಾಲೇಜು ಗ್ರಂಥಾಲಯದಲ್ಲಿ ಇರುವವಳು. ನೀನು ಹೇಳಿದ್ದನ್ನು ದಿನವೂ ನೋಡುತ್ತೇನೆ.

ಗೂಗಲ್ ಡಾಕ್ಸ್ ಮೊಬೈಲ್ ಆ್ಯಪ್‌ನಲ್ಲಿ ಒಂದೊಂದು ಫೈಲನ್ನು ಆಫ್‌ಲೈನ್ ಸಿಗುವಂತೆ ಇಟ್ಟುಕೊಳ್ಳಬಹುದು. ಕಾಲೇಜಿನಲ್ಲಿ ಇರುವಾಗಲೇ ಅದನ್ನು ಒತ್ತಿ ಹೋಗು. ಮನೆಯಲ್ಲಿ ನೆಟ್ ಇಲ್ಲದೆಯೇ ಬರೆ. ಸಿಗ್ನಲ್ ಸಿಕ್ಕ ಕೂಡಲೇ ತಾನಾಗಿ ಸೇರಿಕೊಳ್ಳುತ್ತದೆ. ಇದನ್ನು ಎಷ್ಟೋ ಮೇಷ್ಟ್ರುಗಳೂ ಮಕ್ಕಳಿಗೆ ಹೇಳುವುದಿಲ್ಲ. ಟೈಪಿಂಗ್ ಕಷ್ಟ ಆದರೆ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳು, ಅದೇ ಬರೆಯುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಪೂರ್ತಿ ಹಿಡಿಸುವುದಿಲ್ಲ, ಆಮೇಲೆ ತಿದ್ದಬೇಕು.

ಮೇಷ್ಟ್ರುಗಳಿಗೆ ಒಂದು ವಿನಂತಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿಟ್ಟ ನೋಟ್ಸನ್ನು ಹಾಗೇ ಡಾಕ್ಸ್‌ಗೆ ಅಂಟಿಸಬೇಡಿ. ಮಕ್ಕಳ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಕನ್ವರ್ಟರ್‌ನಲ್ಲಿ ಯೂನಿಕೋಡ್ (ಎಲ್ಲ ಫೋನಿನಲ್ಲೂ ಓದಲು ಬರುವ ಅಕ್ಷರ) ಮಾಡಿಯೇ ಹಾಕಿ. ಒಂದು ಗುಂಪಿನ ಮಕ್ಕಳು ವಾರಗಟ್ಟಲೆ ಸುಮ್ಮನಿದ್ದರು. ಸೋಮಾರಿಗಳು ಅಂತ ಬೈಸಿಕೊಂಡರು. ನಾನು ಫೋನ್ ಇಸಿದುಕೊಂಡು ನೋಡಿದರೆ ಪ್ರಶ್ನೆಯೇ ಅವರಿಗೆ ಕಾಣುತ್ತಿರಲಿಲ್ಲ.

ಇಷ್ಟೆಲ್ಲ ಕಷ್ಟ ಇದ್ದರೂ ನಾನು ಈ ಟೂಲ್‌ಗಳ ಪರವಾಗಿಯೇ ನಿಲ್ಲುತ್ತೇನೆ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಹೆದ್ದಾರಿ ಮುಚ್ಚಿತು. ಅಂಕೋಲಾ ಕಡೆಯವರು ಅತ್ತ, ಕುಮಟಾ ಕಡೆಯವರು ಇತ್ತ. ಆ ದಿನಗಳಲ್ಲಿ ನಮ್ಮ ಒಂದು ಗುಂಪಿನ ಹುಡುಗಿಯರು ಅರ್ಧಕ್ಕೆ ನಿಂತ ತಮ್ಮ ಪ್ರಾಜೆಕ್ಟನ್ನು ಡಾಕ್ಸ್‌ನಲ್ಲೇ ಮುಂದುವರಿಸಿದರು. ಪಾಠಕ್ಕಿಂತ ಜಾಸ್ತಿ "ನೀನು ಹೇಗಿದ್ದೀ" ಅನ್ನುವ ಕಾಮೆಂಟುಗಳೇ ಇದ್ದವು. ಅವನ್ನು ಅಳಿಸಲು ನನಗೆ ಮನಸ್ಸು ಬರಲಿಲ್ಲ.

ಶರಾವತಿದಡ

ಲಾಗಿನ್ ಇಲ್ಲದೆ ಬೇಕು ಅನ್ನುವವರಿಗೆ ಡಾಕ್ಸ್‌ನ ಹಾಗೇ ಒಟ್ಟಿಗೆ ಬರೆಯುವ ಈಥರ್‌ಪ್ಯಾಡ್ ಇದೆ. 2008ರಲ್ಲಿ ಬಂದದ್ದು. ಮರುವರ್ಷ ಗೂಗಲ್ ಆ ಕಂಪನಿಯನ್ನು ಕೊಂಡಿತು, ಕೋಡ್ ಎಲ್ಲರಿಗೂ ತೆರೆದುಕೊಂಡಿತು. ಒಬ್ಬೊಬ್ಬರು ಬರೆದದ್ದು ಒಂದೊಂದು ಬಣ್ಣದಲ್ಲಿ ಕಾಣುತ್ತದೆ. ಯಾವ ಬಣ್ಣ ಎಲ್ಲಿಲ್ಲ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ನೋಡಬಹುದು. ಸ್ವಂತ ವಿಷಯ ಬರೆಯುವ ಜಾಗ ಅದಲ್ಲ.

ತದಡಿಯಾಚೆ

ನಾನು ಅಂತಿಮ ವರ್ಷದ ವಿದ್ಯಾರ್ಥಿನಿ. ಇಮೇಲ್ ಹಾಕಿಯೇ ಹಂಚಿ ಅಂದಿರಿ ಸರ್. ಅದರಲ್ಲೊಂದು ತೊಂದರೆ ಇದೆ. ಹುಡುಗಿಯರ ಇಮೇಲ್, ವಾಟ್ಸಾಪ್ ನಂಬರ್ ಗುಂಪಿಗೆ ಬಿದ್ದ ಕೂಡಲೇ ಬೇಡದ ಮೆಸೇಜ್ ಶುರುವಾಗುತ್ತದೆ. ನನಗೂ ಆಗಿದೆ. ನನ್ನ ಗೆಳತಿಯೊಬ್ಬಳು ಆ ಕಾರಣಕ್ಕೇ ಗ್ರೂಪ್ ಬಿಟ್ಟಳು. ಸರ್ ಹತ್ತಿರ ಕಾರಣ ಹೇಳಲಿಲ್ಲ. ಹೇಗೆ ಹೇಳುವುದು? ಅವಳಿಗೆ "ಭಾಗವಹಿಸಿಲ್ಲ" ಅಂತ ಅಂಕ ಹೋಯಿತು.

ಮತ್ತೆ ವರ್ಷನ್ ಹಿಸ್ಟರಿ. ರಾತ್ರಿ ಎಷ್ಟು ಹೊತ್ತಿಗೆ ಬರೆದೆ, ಎಷ್ಟು ಸಲ ಅಳಿಸಿದೆ ಅಂತ ಯಾರೋ ನೋಡುತ್ತಿದ್ದಾರೆ ಅನಿಸಿದರೆ ಕೈ ಓಡುವುದಿಲ್ಲ. ನಾನು ಈಗಲೂ ಮೊದಲು ನೋಟ್‌ಬುಕ್‌ನಲ್ಲಿ ಬರೆದು, ತಪ್ಪು ತಿದ್ದಿ, ಆಮೇಲೆ ಡಾಕ್ಸ್‌ಗೆ ಹಾಕುತ್ತೇನೆ. ಹಿಸ್ಟರಿಯಲ್ಲಿ ನೋಡಿದರೆ ಹತ್ತು ನಿಮಿಷದ ಕೆಲಸ. ನಿಜವಾಗಿ ಮೂರು ದಿನದ್ದು.

ಬೆಟ್ಟದಹಾದಿ, ಶಿರಸಿ

ನೀವು ಹೇಳಿದ್ದು ಎರಡೂ ಸರಿ ತಂಗಿ. ಕಾಲೇಜೇ ಮಕ್ಕಳಿಗೆ ಬೇರೆ ಇಮೇಲ್ ಕೊಟ್ಟರೆ ಸ್ವಂತದ್ದು ಹೊರಗೆ ಬರುವುದಿಲ್ಲ. ಗೂಗಲ್‌ನ ಶಿಕ್ಷಣ ಸಂಸ್ಥೆಗಳ ಯೋಜನೆಯಲ್ಲಿ ಅರ್ಹ ಕಾಲೇಜುಗಳಿಗೆ ಅದು ಉಚಿತ. ಪ್ರಾಂಶುಪಾಲರು ಮನಸ್ಸು ಮಾಡಬೇಕು ಅಷ್ಟೆ. ಫೋನ್ ನಂಬರ್ ಅಂತೂ ಬೇಡವೇ ಬೇಡ. ಡಾಕ್ಯುಮೆಂಟಿನ ಕಾಮೆಂಟಿನಲ್ಲೇ ಮಾತಾಡಲಿ.

ಹಿಸ್ಟರಿ ನೋಡಿ ಅಂಕ ಕೊಡುವುದು ಬೇಡ ಅಂತಲೇ ನನ್ನದೂ ಅಭಿಪ್ರಾಯ. ಅದು ಕಳೆದುಹೋದದ್ದನ್ನು ಹುಡುಕಲು ಇರುವುದು.

ಶರಾವತಿದಡ

ಸರ್, ಇಲ್ಲಿ ನಾನು ಒಪ್ಪುವುದಿಲ್ಲ. ಈಗ ಮಕ್ಕಳು ಎಐ ಹತ್ತಿರ ಬರೆಸಿ ತಂದು ಅಂಟಿಸುತ್ತಾರೆ. ಹಿಸ್ಟರಿ ನೋಡದೆ ಇದ್ದರೆ ಹೇಗೆ ಗೊತ್ತಾಗುತ್ತದೆ?

ಬೆಟ್ಟದಹಾದಿ, ಶಿರಸಿ

ಹಿಸ್ಟರಿ ನೋಡಿದರೂ ಗೊತ್ತಾಗುವುದಿಲ್ಲ. ಇವರು ನೋಟ್‌ಬುಕ್‌ನಲ್ಲಿ ಮೂರು ದಿನ ಬರೆದು ಹಾಕಿದ್ದೂ, ಯಾರೋ ಎಐನಿಂದ ಎತ್ತಿ ಹಾಕಿದ್ದೂ ಅಲ್ಲಿ ಒಂದೇ ಥರ ಕಾಣುತ್ತದೆ. ಪ್ರಾಮಾಣಿಕ ಹುಡುಗಿಯನ್ನು ಅನುಮಾನಿಸಿದಂತಾಗುತ್ತದೆ. ನನಗೆ ಉಳಿದ ದಾರಿ ಒಂದೇ. ಎಐಗೆ ಗೊತ್ತಿಲ್ಲದ್ದನ್ನು ಕೇಳುವುದು. ನಿಮ್ಮ ದೊಡ್ಡಪ್ಪ ಬೆಟ್ಟದಿಂದ ಸೊಪ್ಪು ತರುವುದು ಯಾವ ವರ್ಷ ನಿಂತಿತು, ಯಾಕೆ ನಿಂತಿತು? ಅದಕ್ಕೆ ದೊಡ್ಡಪ್ಪನನ್ನೇ ಕೇಳಬೇಕು. ಆಮೇಲೆ ತರಗತಿಯಲ್ಲಿ ಐದು ನಿಮಿಷ ಅದರ ಬಗ್ಗೆ ಬಾಯಿಮಾತಿನಲ್ಲಿ ಹೇಳಿಸುತ್ತೇನೆ. ಕೇಳಿ ಬಂದವರು ಹೇಳುತ್ತಾರೆ.

ಶರಾವತಿದಡ

ಬಾಯಿಮಾತಿನಲ್ಲಿ ಹೇಳಿಸುವುದು ಸರಿ, ಒಪ್ಪಿದೆ. ಆದರೂ ಜಗಳ ಬಂದಾಗ ಹಿಸ್ಟರಿ ಬೇಕೇ ಬೇಕು. ನೋಡುತ್ತೇವೆ ಅಂತ ಮೊದಲೇ ಮಕ್ಕಳಿಗೆ ಹೇಳಿ. ಕದ್ದು ನೋಡಬೇಡಿ.

ಚಿಪ್ಪೆಕಲ್ಲು, ಕಾರವಾರ

ನಾನು ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಓದಿದವಳು. ಬರೆಯುವುದೇ ಬೇಕು ಅಂತಿಲ್ಲ ಮೇಡಂ. ಒಟ್ಟಿಗೆ ಮಾಡುವ ಬೇರೆ ಕೆಲಸವೂ ಇದೆ.

ಐನ್ಯಾಚುರಲಿಸ್ಟ್ ಅಂತ ಒಂದು ಆ್ಯಪ್ ಇದೆ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಸ್ನಾತಕೋತ್ತರ ಪ್ರಾಜೆಕ್ಟಾಗಿ ಶುರು ಮಾಡಿದ್ದು. ಕಂಡ ಗಿಡ, ಏಡಿ, ಚಿಪ್ಪು, ಹಕ್ಕಿಯ ಫೋಟೋ ತೆಗೆದು, ಜಾಗ ಮತ್ತು ದಿನದ ಜೊತೆ ಹಾಕುವುದು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಬೇರೆ ಯಾರೋ ನೋಡಿ ಹೆಸರು ಹೇಳುತ್ತಾರೆ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಹೆಸರಿಗೆ ಒಪ್ಪಿದರೆ ಅದು ಸಂಶೋಧನೆಗೆ ಬಳಸಬಹುದಾದ ದಾಖಲೆ ಆಗುತ್ತದೆ.

ಕಾಳಿ ಸಮುದ್ರ ಸೇರುವ ಜಾಗದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದೆಯಲ್ಲ, ನಾವು ಗೆಳತಿಯರು ಇಳಿತದ ಹೊತ್ತಿಗೆ ಅಲ್ಲಿಗೆ ಹೋಗಿ ಫೋಟೋ ಹಾಕುತ್ತಿದ್ದೆವು. ನನ್ನ ಒಂದು ಏಡಿಗೆ ನಾನು ತಪ್ಪು ಹೆಸರು ಕೊಟ್ಟಿದ್ದೆ. ಮರುದಿನ ಎಲ್ಲೋ ದೂರದ ದೇಶದವರೊಬ್ಬರು ಯಾಕೆ ತಪ್ಪು ಅಂತ ನಾಲ್ಕು ಸಾಲು ಬರೆದು ತಿದ್ದಿದ್ದರು. ಆ ದಿನ ಇಡೀ ನನಗೆ ಅದೇ ಗುಂಗು. ತರಗತಿಯಲ್ಲಿ ತಪ್ಪಿದರೆ ಮುಖ ಮುಚ್ಚಿಕೊಳ್ಳುತ್ತಿದ್ದವಳು ನಾನು. ಇಲ್ಲಿ ತಪ್ಪಿದ್ದಕ್ಕೇ ಒಬ್ಬರು ನನ್ನ ಜೊತೆ ಮಾತಾಡಿದರು.

ಅಪರೂಪದ ಜೀವಿ ಸಿಕ್ಕರೆ ಜಾಗವನ್ನು ಮರೆಮಾಡಿ ಹಾಕಿ. ಮನೆಯ ಅಂಗಳದ ಫೋಟೋ ಹಾಕುವಾಗಲೂ ಅಷ್ಟೆ.

ಜೋಯಿಡಾದವ

ಅಕ್ಕಾ, ಇದು ನನಗೆ ಆಗುತ್ತದೆ. ಫೋಟೋ ಈಗ ತೆಗೆದು ಸಿಗ್ನಲ್ ಸಿಕ್ಕಾಗ ಹಾಕಬಹುದಾ?

ಚಿಪ್ಪೆಕಲ್ಲು, ಕಾರವಾರ

ಹಾಕಬಹುದು ತಮ್ಮಾ. ತೆಗೆದ ದಿನ ಫೋಟೋದಲ್ಲೇ ಇರುತ್ತದೆ. ಫೋನಿನಲ್ಲಿ ಲೊಕೇಶನ್ ಆನ್ ಮಾಡಿಕೊಂಡು ತೆಗೆ, ಜಾಗವೂ ಬರುತ್ತದೆ.

ಮಾಸ್ತರು, ಅಂಕೋಲಾ

ಮಕ್ಕಳು ಬರೆದದ್ದನ್ನು ಕನ್ನಡ ವಿಕಿಪೀಡಿಯಕ್ಕೆ ಸೇರಿಸಲು ಬರುವುದಿಲ್ಲವೇ? ಆಗ ಊರೆಲ್ಲ ಓದೀತು.

ಕಿಟಕಿಪಕ್ಕ, ಕುಮಟಾ

ಎಲ್ಲವೂ ಬರುವುದಿಲ್ಲ ಮಾಸ್ತರ್ರೇ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಬರೆಯುವ ಮಾತಿಗೆ ಪ್ರಕಟವಾದ, ನಂಬಬಹುದಾದ ಆಧಾರ ಬೇಕು. ಪುಸ್ತಕ, ಪತ್ರಿಕೆ, ಅಂಥದ್ದು. ಅಜ್ಜಿ ಹೇಳಿದ ನೆನಪನ್ನು ನೇರವಾಗಿ ಹಾಕಲು ನಿಯಮ ಬಿಡುವುದಿಲ್ಲ. ನಕಲು ಪ್ಯಾರಾ ಹಾಕಿದರೆ ಅಳಿಸಿಯೇ ಬಿಡುತ್ತಾರೆ. ಆದರೆ ಮಕ್ಕಳು ತಾವೇ ತೆಗೆದ ಉಪ್ಪಿನಾಗರದ (ಉಪ್ಪು ಬೆಳೆಯುವ ಗದ್ದೆಯ) ಫೋಟೋವನ್ನು ವಿಕಿಪೀಡಿಯದ ಚಿತ್ರಭಂಡಾರ ವಿಕಿಮೀಡಿಯ ಕಾಮನ್ಸ್‌ಗೆ ಹಾಕಬಹುದು. ಅಚ್ಚಾದ ಪುಸ್ತಕ ಓದಿ ಬರೆದ ಭಾಗವನ್ನು ಲೇಖನಕ್ಕೆ ಸೇರಿಸಬಹುದು. ಅಜ್ಜಿಯ ನೆನಪು ಗ್ರಂಥಾಲಯದಲ್ಲಿ ಇರಲಿ. ನಾನಾದರೆ ಮುದ್ರಿಸಿ ಹೊಲಿಸಿ, ಕಪಾಟಿನಲ್ಲಿ ಇಟ್ಟು, ಪುಸ್ತಕದ ಹಾಗೇ ನಂಬರ್ ಕೊಡುತ್ತೇನೆ.

ಕಾಳಿತೀರ, ಕಾರವಾರ (ಎರಡೂವರೆ ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ನಿಮ್ಮ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಈ ಸೆಮಿಸ್ಟರ್ ಶುರು ಮಾಡಿದೆ. ಏನಾಯಿತು ಅಂತ ಹೇಳಬೇಕಾದದ್ದು ನನ್ನ ಕರ್ತವ್ಯ.

ಟೂಲ್ ಅದೇ, ಗೂಗಲ್ ಡಾಕ್ಸ್. ವಿಷಯವೂ ಅದೇ, ಉಪ್ಪು. ಕೆಲಸ ಮಾತ್ರ ಬೇರೆ. ಎಂಟು ಗುಂಪು, ಎಂಟು ಡಾಕ್ಯುಮೆಂಟ್. ಪ್ರತಿ ಗುಂಪಿನಲ್ಲಿ ಒಬ್ಬರು 1930ರ ಘಟನೆಯನ್ನು ಪುಸ್ತಕದಿಂದ ಓದಿ ತರಬೇಕು. ಒಬ್ಬರು ಆಗಿನ ಉಪ್ಪಿನ ಕಾಯ್ದೆ ಏನಿತ್ತು ಅಂತ ನೋಡಬೇಕು. ಒಬ್ಬರು ನಕ್ಷೆ ಮಾಡಬೇಕು. ಒಬ್ಬರು ಸಾಣಿಕಟ್ಟಾದಂಥ ಕಡೆ ಉಪ್ಪು ಮಾಡಿದವರನ್ನೋ, ಮನೆಯ ಹಿರಿಯರನ್ನೋ ಮಾತಾಡಿಸಬೇಕು. ಉಳಿದವರು ಪ್ರಶ್ನೆ ಕೇಳುವವರು. ಪ್ರಶ್ನೆ ಕೇಳುವುದಕ್ಕೂ ಅಂಕ ಇದೆ ಅಂದೆ. ಮೊದಲ ಸಾಲನ್ನು ತರಗತಿಯಲ್ಲೇ ಬರೆಸಿದೆ. ಎಲ್ಲರೂ ಫೋನ್ ತೆರೆದು, ಆಫ್‌ಲೈನ್ ಗುಂಡಿ ಒತ್ತಿ, ಒಂದು ಸಾಲು. ಫೋನ್ ಇಲ್ಲದ ಮೂವರು ಕಾಗದದಲ್ಲಿ ಬರೆದರು, ಗುಂಪಿನವರು ಟೈಪ್ ಮಾಡಿದರು. ಕಾಲೇಜಿನಿಂದ ಇಮೇಲ್ ಇನ್ನೂ ಸಿಕ್ಕಿಲ್ಲ, ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ಹೆಣ್ಣುಮಕ್ಕಳು ಸ್ವಂತ ಹೆಸರಿಲ್ಲದ ಬೇರೆ ಇಮೇಲ್ ಮಾಡಿಕೊಂಡರು. ಯಾವುದು ಯಾರದ್ದು ಅಂತ ಗೊತ್ತಿರುವುದು ನನಗೆ ಮಾತ್ರ.

ಒಂದನ್ನು ಮುಂಚೆಯೇ ಹೇಳಬೇಕಿತ್ತು. ಮೊದಲ ವಾರ ನಾನು ದಿನವೂ ಎಂಟು ಪುಟವನ್ನೂ ಓದಿ ಕಾಮೆಂಟ್ ಹಾಕಿದೆ. "ಚೆನ್ನಾಗಿದೆ" ಅಂತ ಅಲ್ಲ. ಆ ಸಾಲಿನ ಬಗ್ಗೆಯೇ ಒಂದು ಪ್ರಶ್ನೆ. ರಾತ್ರಿ ಮುಕ್ಕಾಲು ಗಂಟೆ ಹೋಗುತ್ತಿತ್ತು. ಮನೆಯಲ್ಲಿ ಮಗು ಇರುವವರಿಗೆ ಇದು ಸುಲಭ ಅಲ್ಲ. ಎರಡನೇ ವಾರ ಕಡಿಮೆ ಮಾಡಿದೆ. ಅಷ್ಟರಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಕೇಳಲು ಶುರು ಮಾಡಿದ್ದರು.

ಕಳೆದ ಸಲ ಎರಡು ಪುಟ ಕಳೆದುಕೊಂಡ ಹುಡುಗಿಯ ಅಜ್ಜಿಮನೆ ಸಾಣಿಕಟ್ಟಾ. ಅದು ನನಗೆ ಗೊತ್ತೇ ಇರಲಿಲ್ಲ. ಅಜ್ಜಿ ಆಗರದಲ್ಲಿ ಬುಟ್ಟಿ ಹೊತ್ತವರಂತೆ. ಭರತದ ನೀರನ್ನು ಒಳಗೆ ಬಿಟ್ಟು, ಕಟ್ಟೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಉದ್ದ ಹಿಡಿಯ ಮರದ ಹಲಗೆಯಿಂದ ಉಪ್ಪನ್ನು ಎಳೆಯುವುದು ಹೇಗೆ ಅಂತ ಬರೆದಿದ್ದಾಳೆ. ಕೊನೆಯಲ್ಲಿ ಈ ಸಾಲು: "ಅಜ್ಜಿಗೆ 1930 ಗೊತ್ತಿಲ್ಲ. ರಾಶಿ ಹಾಕಿದ ಉಪ್ಪು ಅಕಾಲ ಮಳೆಗೆ ಕರಗಿಹೋದ ವರ್ಷ ಗೊತ್ತು." ಅದರ ಕೆಳಗೆ ಒಂಬತ್ತು ಕಾಮೆಂಟ್ ಇವೆ, ಒಂದೂ ನನ್ನದಲ್ಲ. ಒಬ್ಬ ಕೇಳಿದ್ದಾನೆ, "ಕಾಲು ಉರಿಯುತ್ತಿರಲಿಲ್ಲವೇ?" ಅವಳು ಮತ್ತೆ ಅಜ್ಜಿಗೆ ಫೋನ್ ಮಾಡಿ ಕೇಳಿ ಉತ್ತರ ಬರೆದಳು. ಕಾಯ್ದೆಯ ಭಾಗ ಬರೆದವನು ಅದನ್ನು ಓದಿ ತನ್ನ ಪ್ಯಾರಾವನ್ನು ಪೂರ್ತಿ ಬದಲಾಯಿಸಿದ. ಬ್ರಿಟಿಷರು ಉಪ್ಪಿಗೆ ತೆರಿಗೆ ಹಾಕಿದರು ಅಂತ ಮೊದಲು ಒಂದೇ ಸಾಲು ಇತ್ತು. ಈಗ, ಆ ತೆರಿಗೆ ಬುಟ್ಟಿ ಹೊರುವವರ ಅಡುಗೆಮನೆಗೆ ಹೇಗೆ ಮುಟ್ಟುತ್ತಿತ್ತು ಅಂತ ಬರೆದಿದ್ದಾನೆ.

42ರಲ್ಲಿ 37 ಜನ ಬರೆದಿದ್ದಾರೆ. ಉಳಿದ ಐವರಲ್ಲಿ ಮೂವರು ಕಾಲೇಜಿಗೇ ಬರುತ್ತಿಲ್ಲ. ಇನ್ನೊಬ್ಬನನ್ನು ಕೂರಿಸಿಕೊಂಡು ಕೇಳಿದೆ. ಫೋನು ಅಣ್ಣನದು. ಅಣ್ಣ ಬೋಟಿಗೆ ಹೋದರೆ ಫೋನೂ ಹೋಗುತ್ತದೆ. ಅವನಿಗೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಶನಿವಾರದ ಒಂದು ಗಂಟೆ ಬಿಡಿಸಿಕೊಟ್ಟಿದ್ದೇನೆ. ಐದನೆಯವಳು ಯಾಕೆ ಬರೆಯುತ್ತಿಲ್ಲ ಅಂತ ಇನ್ನೂ ತಿಳಿದಿಲ್ಲ. ತದಡಿಯಾಚೆ ಅವರು ಬರೆದದ್ದು ನೆನಪಿದೆ, ಅದಕ್ಕೇ ಒತ್ತಾಯ ಮಾಡದೆ ಕಾಯುತ್ತಿದ್ದೇನೆ.

ಮುಂದಿನ ತಿಂಗಳು ಎಂಟೂ ಪುಟ ಸೇರಿಸಿ ಪುಸ್ತಕ ಮಾಡುತ್ತೇವೆ. ಒಂದು ಪ್ರತಿ ಸಾಣಿಕಟ್ಟಾದ ಅಜ್ಜಿಗೆ. ಹಳೆಯ ಫೋಟೋ, ಪತ್ರ ಯಾರ ಮನೆಯಲ್ಲಾದರೂ ಇದ್ದರೆ ಹೇಳಿ.

ಜೋಯಿಡಾದವ

ಮೇಡಂ, ನಮ್ಮ ಸರ್‌ಗೆ ಈ ಚರ್ಚೆ ತೋರಿಸಿದೆ. ಈ ಸಲ ಗಡುವು ಒಂದು ದಿನ ಅಲ್ಲ, ಒಂದು ವಾರ ಕೊಟ್ಟಿದ್ದಾರೆ. ನನ್ನ ಭಾಗ ಹಾಕಿದೆ.

ಮಾಸ್ತರು, ಅಂಕೋಲಾ

ತಂಗಿ, ನನ್ನ ಸೋದರಮಾವ 1932ರ ಕರನಿರಾಕರಣೆಯಲ್ಲಿ ಗದ್ದೆ ಕಳೆದುಕೊಂಡವರು. ಜಪ್ತಿಯ ಕಾಗದ ಒಂದು ನಮ್ಮ ಪೆಟ್ಟಿಗೆಯಲ್ಲಿ ಇದೆ. ಅಂಚು ಹರಿದಿದೆ, ಅಕ್ಷರ ಓದಬಹುದು. ಮಕ್ಕಳನ್ನು ಕಳಿಸು, ಅವರೇ ಓದಿ ಬರೆದುಕೊಳ್ಳಲಿ. ಆ ಪುಟದಲ್ಲಿ ಕಾಮೆಂಟ್ ಹಾಕಲು ನನಗೂ ಅವಕಾಶ ಮಾಡಿಕೊಡು.

ಕಾಳಿತೀರ, ಕಾರವಾರ

ಲಿಂಕ್ ಕಳಿಸಿದ್ದೇನೆ ಮಾಸ್ತರ್ರೇ. ನಾಲ್ಕು ಮಕ್ಕಳು ಭಾನುವಾರ ಬೆಳಿಗ್ಗೆ 9ರ ಬಸ್ಸಿಗೆ ಹೊರಡುತ್ತಾರೆ. ಸಾಣಿಕಟ್ಟಾ ಅಜ್ಜಿಯ ಮೊಮ್ಮಗಳೂ ಅವರ ಜೊತೆ ಬರುತ್ತಾಳೆ.